ಬೀಳ್ಕೊಡುಗೆ ಅಂಗಡಿ: ಶಾಲು ಧೈರ್ಯವಾಗಿ ಕೊಳ್ಳಿ, ಪೇಟ ಮಾತ್ರ ತಿರುಗಿಸಿ ನೋಡಿ

ನಮ್ಮ ಕಚೇರಿಯಲ್ಲಿ ಯಾರೇ ನಿವೃತ್ತರಾಗಲಿ, ಚಂದಾ ಎತ್ತುವುದು, ಸಾಮಾನು ತರುವುದು, ಮರುದಿನ ಲೆಕ್ಕ ಒಪ್ಪಿಸುವುದು ನನ್ನ ಪಾಲಿನ ಕೆಲಸ. ಇದಕ್ಕೆ ಯಾರೂ ಆದೇಶ ಹೊರಡಿಸಿಲ್ಲ. ಪ್ರಥಮ ದರ್ಜೆ ಸಹಾಯಕಿಯಾಗಿದ್ದಾಗ ಅಂಟಿಕೊಂಡದ್ದು, ಅಧೀಕ್ಷಕಿಯಾದ ಮೇಲೂ ಬಿಟ್ಟಿಲ್ಲ. ಹಾಗಾಗಿ ಶಾಲು, ಹಾರ, ಪೇಟ, ಸ್ಮರಣಿಕೆ, ಹಣ್ಣಿನ ಬುಟ್ಟಿಗಳ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕವಿದೆ ಎಂದುಕೊಂಡಿದ್ದೇನೆ. ಬೆಂಗಳೂರಿನ ವಿಧಾನಸೌಧದ ಬಳಿ ಸರ್ಕಾರಿ ಕಚೇರಿಗಳಿರುವ ಬಹುಮಹಡಿ ಕಟ್ಟಡದ ಎಷ್ಟೋ ಇಲಾಖೆಗಳವರು ಈ ಸಾಮಾನಿಗೆ ಹೋಗುವ ಒಂದು ಅಂಗಡಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ವಿಧಾನಸೌಧದ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನದೇ ಚಿಕ್ಕಪೇಟೆ. ಅಲ್ಲಿಂದ ಅವೆನ್ಯೂ ರಸ್ತೆಯ ಕಡೆಗೆ ನಡೆದರೆ ಮದುವೆ ಕಾರ್ಡಿನ ಅಂಗಡಿಗಳ ನಡುವೆ ಒಂದು ಸಂದಿ. ಕಾರು ತಂದಿರೋ, ಕೆಟ್ಟಿರಿ. ಅಂಗಡಿಯೊಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಬೋರ್ಡಿನಲ್ಲಿ ಏನೇ ಬರೆದಿರಲಿ, ಸರ್ಕಾರಿ ನೌಕರರ ಬಾಯಲ್ಲಿ ಅದು ಶೆಟ್ಟರ ಅಂಗಡಿ. ಶೆಟ್ಟರಿಗೆ ಎಪ್ಪತ್ತು ದಾಟಿದೆ. ನಿಮ್ಮ ನಿವೃತ್ತಿ ಯಾವಾಗ ಎಂದು ಗಿರಾಕಿಗಳು ಕಿಚಾಯಿಸಿದರೆ, "ನನಗೆ ಪೇಟ ತೊಡಿಸುವವರು ಯಾರಿದ್ದಾರೆ ಮೇಡಂ? ನನ್ನದೇ ಮಾಲು, ನಾನೇ ತೊಟ್ಟುಕೊಳ್ಳಬೇಕು" ಎನ್ನುತ್ತಾರೆ.

ಮೊದಲು ಶಾಲು. ಸನ್ಮಾನದ ಶಾಲೆಂದರೆ ಫೋಟೊ ತೆಗೆಯುವಷ್ಟು ಹೊತ್ತು ಭುಜದ ಮೇಲಿದ್ದು, ಆಮೇಲೆ ಬೀರುವಿನಲ್ಲಿ ಇನ್ನೊಬ್ಬರ ಸನ್ಮಾನಕ್ಕಾಗಿ ಕಾಯುವ ವಸ್ತು ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ 150 ರೂಪಾಯಿಯ ಪಾಲಿಯೆಸ್ಟರ್ ಶಾಲೂ ಇದೆ. ಕೈಗೆತ್ತಿಕೊಂಡರೆ "ಅದು ಹೊದೆಯುವುದಕ್ಕಲ್ಲ, ಹೊದಿಸುವುದಕ್ಕೆ" ಎಂದು ಶೆಟ್ಟರೇ ಎಚ್ಚರಿಸುತ್ತಾರೆ. 450 ರೂಪಾಯಿಯದು ಉಣ್ಣೆ ಬೆರೆತದ್ದು, ಅಂಚು ಕತ್ತಿಗೆ ಚುಚ್ಚುವುದಿಲ್ಲ. ನಮ್ಮ ಹಿಂದಿನ ಶಾಖಾಧಿಕಾರಿಗಳು ಅದನ್ನು ಹೊದ್ದು ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆಗೆ ಬರುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಬೀಳ್ಕೊಡುಗೆಯ ಶಾಲಿಗೆ ಅದಕ್ಕಿಂತ ಒಳ್ಳೆಯ ಶಿಫಾರಸು ಬೇಡ.

ಹಾರದಲ್ಲಿ ಎರಡು ಬಗೆ. ಹಾವೇರಿಯಿಂದ ತರಿಸುವ ಏಲಕ್ಕಿ ಹಾರ ದುಬಾರಿ, ಆದರೆ ಮನೆಗೆ ಹೋದ ಮೇಲೆ ಪಾಯಸಕ್ಕಾದರೂ ಆಗುತ್ತದೆ. ಗಂಧದ ಹಾರ ಎಂದು ಎಲ್ಲರೂ ಕರೆಯುವುದು ಗಂಧದ್ದಲ್ಲ. ಬೇರೆ ಮರದ ಹೆರೆಗೆ ಪರಿಮಳ ಹಚ್ಚಿದ್ದು. ಇದನ್ನೂ ಅವರೇ ಹೇಳುತ್ತಾರೆ. ಹೂವಿನ ಹಾರಕ್ಕೆ ಮಾರುಕಟ್ಟೆಗೇ ಹೋಗಿ ಎಂದು ಕೈ ತೋರಿಸಿಬಿಡುತ್ತಾರೆ. ಹಣ್ಣಿನ ಬುಟ್ಟಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎಲ್ಲ ಕಡೆಯಂತೆ ಇಲ್ಲೂ ಅರ್ಧ ಹುಲ್ಲು.

ಪೇಟದ ವಿಷಯಕ್ಕೆ ಬಂದರೆ ನನಗೆ ತಕರಾರಿದೆ. ಪೇಟವನ್ನು ಕೊಳ್ಳುವಾಗ ಬೋರಲು ಹಾಕಿ ಒಳಭಾಗ ನೋಡಬೇಕು. ಹೊರಗೆ ರೇಷ್ಮೆಯ ಹೊಳಪು, ಹಣೆಯ ಮೇಲೆ ಜರಿಯ ಪಟ್ಟಿ, ಒಳಗಿರುವುದು ರಟ್ಟು. ರಟ್ಟಿನ ಎರಡು ತುದಿ ಸೇರುವಲ್ಲಿ ಬಟ್ಟೆ ಕೊಟ್ಟು ಹೊಲಿದಿದ್ದರೆ ಸರಿ. ಬರೀ ಪಿನ್ನು ಹೊಡೆದಿದ್ದರೆ ಕೂದಲು ಕಡಿಮೆ ಇರುವವರಿಗೆ, ಅಂದರೆ ನಿವೃತ್ತರಾಗುವವರಲ್ಲಿ ಮುಕ್ಕಾಲು ಪಾಲು ಮಂದಿಗೆ, ನೆತ್ತಿಗೆ ಚುಚ್ಚುತ್ತದೆ. ಕಳೆದ ವರ್ಷ ನಮ್ಮ ವಾಹನ ಚಾಲಕರೊಬ್ಬರಿಗೆ ತೊಡಿಸಿದ ಪೇಟದ ಜರಿ ಪಟ್ಟಿ ಅವರು ಮಾತನಾಡುತ್ತಿದ್ದಾಗಲೇ ಬಿಚ್ಚಿಕೊಂಡು ಕಿವಿಯ ಮೇಲೆ ಇಳಿಯಿತು. ಅದನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡೇ ಅವರು ತಮ್ಮ ಸೇವೆಯ ಕಥೆಯನ್ನೆಲ್ಲ ಹೇಳಿ ಮುಗಿಸಿದರು, ಪಾಪ. ಮರುದಿನ ಒಯ್ದು ತೋರಿಸಿದಾಗ ಶೆಟ್ಟರು ಎದುರಾಡದೆ ಹೊಸದನ್ನು ಕೊಟ್ಟರು. ಕೊಟ್ಟು ಏನು ಪ್ರಯೋಜನ? ಮುಗಿದ ಸಮಾರಂಭಕ್ಕೆ ಪೇಟ ತೊಡಿಸಲಾಗುತ್ತದೆಯೇ?

ಸ್ಮರಣಿಕೆಗಳ ಕಪಾಟಿನ ಮುಂದೆ ನಿಂತರೆ ಸಾಮಾನಿನ ಮಾತು ಬಿಟ್ಟು ನಿವೃತ್ತಿ ವಯಸ್ಸಿನ ಮಾತು ಶುರುವಾಗುತ್ತದೆ. ಅದಕ್ಕೆ ಕಾರಣ ಮೇಲಿನ ಸಾಲಿನಲ್ಲಿರುವ ಒಂದು ಮರದ ಹಲಗೆ. ವಿಧಾನಸೌಧದ ಉಬ್ಬು ಕೆತ್ತನೆ, ಕೆಳಗೆ ಹಿತ್ತಾಳೆಯ ತಗಡು, ತಗಡಿನಲ್ಲಿ "ವಯೋನಿವೃತ್ತಿಯ ಸವಿನೆನಪಿಗಾಗಿ" ಎಂಬ ಸಾಲು, 2008ರ ಒಂದು ದಿನಾಂಕ. ಹೆಸರಿನ ಮೇಲೆ ಶೆಟ್ಟರು ಬಿಳಿ ಕಾಗದ ಅಂಟಿಸಿದ್ದಾರೆ. ಆ ವರ್ಷ ರಾಜ್ಯ ಸರ್ಕಾರ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಚಂದಾ ಎತ್ತಿ, ಹೆಸರು ಕೆತ್ತಿಸಿ, ಮುಂಗಡ ಕೊಟ್ಟು ಹೋಗಿದ್ದ ಕಚೇರಿಯವರು ತಿರುಗಿ ಬರಲೇ ಇಲ್ಲ. ಬರುವುದಾದರೂ ಹೇಗೆ? ಬೀಳ್ಕೊಡಬೇಕಾದವರು ಮರುದಿನ ಎಂದಿನಂತೆ ಕುರ್ಚಿಯಲ್ಲಿ ಬಂದು ಕುಳಿತಿದ್ದರು.

"ಎರಡು ವರ್ಷ ಮೇಡಂ, ಮೇಷ್ಟ್ರುಗಳೇ ಈ ಕಡೆ ಸುಳಿಯಲಿಲ್ಲ" ಎಂದು ಶೆಟ್ಟರು ನೆನೆಯುತ್ತಾರೆ. ಲೆಕ್ಕ ಸರಳ. ವಯಸ್ಸನ್ನು ಎರಡು ವರ್ಷ ಮುಂದೂಡಿದರೆ ಎರಡು ವರ್ಷ ವಯೋನಿವೃತ್ತಿ ಎಂಬುದೇ ಇರುವುದಿಲ್ಲ; ಸ್ವಯಂ ನಿವೃತ್ತಿ ಪಡೆದವರು ಬಿಟ್ಟರೆ ಯಾರೂ ಹೊರಗೆ ಹೋಗುವುದಿಲ್ಲ, ಹೋಗದಿದ್ದರೆ ಶಾಲೂ ಬೇಡ ಹಾರವೂ ಬೇಡ. ಅಂಗಡಿ ಉಳಿದದ್ದು ಕೇಂದ್ರದ ನೌಕರರಿಂದ, ಎಚ್‌ಎಎಲ್, ಬಿಇಎಲ್ ಕಡೆಯವರಿಂದ. ಕೇಂದ್ರ ಸರ್ಕಾರ 1998ರಲ್ಲೇ 60 ಮಾಡಿತ್ತು, ಆ ಬರಗಾಲವನ್ನು ಅವರು ಮೊದಲೇ ದಾಟಿದ್ದರು. ಶೆಟ್ಟರ ಪಾಲಿಗೆ ಸುಗ್ಗಿಯೆಂದರೆ 2020ರ ಜನವರಿ 31. ಬಿಎಸ್‌ಎನ್‌ಎಲ್‌ನ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದಾದ್ಯಂತ 78,000ಕ್ಕೂ ಹೆಚ್ಚು ಮಂದಿ ಒಂದೇ ದಿನ ಹೊರಬಂದರು. ಆ ವಾರ ಬೆಂಗಳೂರಿನಲ್ಲಿ ಪೇಟ ಸಿಗದೆ ಮೈಸೂರಿನಿಂದ ತರಿಸಿದರಂತೆ. ಅದಾಗಿ ಎರಡು ತಿಂಗಳಿಗೆ ಲಾಕ್‌ಡೌನ್.

ಇನ್ನೊಂದು ಸುಗ್ಗಿ ಪ್ರತಿ ವರ್ಷ ಮೇ 31ಕ್ಕೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರುಗಳು ಜೂನ್ 1 ಎಂದು ಬರೆದುಬಿಡುತ್ತಿದ್ದ ಕಾಲ ಅದು. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು ಎಂಬುದು ನಿಯಮ. ಹಾಗಾಗಿ ಯಾವುದೋ ಹಳ್ಳಿಯ ಮೇಷ್ಟ್ರು ಐದು ದಶಕಗಳ ಹಿಂದೆ ಬರೆದ ಒಂದು ತಾರೀಕು ಇಂದು ಚಿಕ್ಕಪೇಟೆಯಲ್ಲಿ ಪೇಟದ ಬೆಲೆ ಏರಿಸುತ್ತದೆ. ಮೇ ಕೊನೆಯ ವಾರದಲ್ಲಿ ಇದೇ ಪೇಟಕ್ಕೆ ಐವತ್ತು ರೂಪಾಯಿ ಹೆಚ್ಚು ಕೊಟ್ಟಿದ್ದೇನೆ.

ಈ ಸಲ ನಾನು ಹೋದಾಗ ಮೊಬೈಲಿನಲ್ಲಿ ಮತ್ತದೇ ಸುದ್ದಿ ಓಡಾಡುತ್ತಿತ್ತು: ನಿವೃತ್ತಿ ವಯಸ್ಸು 62 ಆಗುತ್ತದೆಯಂತೆ. ಆದೇಶವೂ ಇಲ್ಲ, ಸಂಖ್ಯೆಯೂ ಇಲ್ಲ, "ಬಲ್ಲ ಮೂಲಗಳು" ಮಾತ್ರ. ನಮ್ಮಲ್ಲಿ ಇಂದಿಗೂ 60ಏ. ಆದರೆ ಸುತ್ತ ನೋಡಿದರೆ ಸುದ್ದಿಗೆ ರೆಕ್ಕೆ ಬರುವುದು ಸಹಜ. ತಮಿಳುನಾಡು 2020ರಲ್ಲಿ 58ರಿಂದ 59, ಮರುವರ್ಷವೇ 60 ಮಾಡಿತು. ತೆಲಂಗಾಣ 2021ರಲ್ಲಿ 58ರಿಂದ ನೇರ 61ಕ್ಕೆ ಹಾರಿತು. ಆಂಧ್ರ 2022ರ ಜನವರಿಯಿಂದ 62.

ಮೆಟ್ಟಿಲ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬರು ಪ್ರೌಢಶಾಲೆಯ ಶಿಕ್ಷಕರು, ಸಹೋದ್ಯೋಗಿಯ ಬೀಳ್ಕೊಡುಗೆಗೆ ಬಂದವರು. "ಆಗಲಿ ಬಿಡಿ ಮೇಡಂ. ಎರಡು ವರ್ಷ ಸಿಕ್ಕರೆ ಮಗಳ ಮದುವೆಯನ್ನು ಸಂಬಳದಲ್ಲೇ ಮಾಡಿ ಮುಗಿಸುತ್ತೇನೆ, ನಿವೃತ್ತಿಯ ದುಡ್ಡು ಮುಟ್ಟುವುದಿಲ್ಲ" ಎಂದರು. ಅವರ ಪಕ್ಕದಲ್ಲಿದ್ದ ಖಜಾನೆ ಇಲಾಖೆಯವರು ನಕ್ಕರು. "ಲೆಕ್ಕ ಹಾಕಿದ್ದೀರಾ ಸಾರ್? ಹಳೆಯ ಪಿಂಚಣಿಯವರಿಗೆ ಕೊನೆಯ ಮೂಲ ವೇತನದ ಅರ್ಧ ಮನೆಯಲ್ಲಿ ಕುಳಿತರೂ ಬರುತ್ತದೆ. ಇನ್ನೆರಡು ವರ್ಷ ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿದು ನೀವು ದುಡಿಯುವುದು ಉಳಿದ ಅರ್ಧಕ್ಕೆ." ಶಿಕ್ಷಕರು ಮೊಬೈಲ್ ತೆಗೆದು ಗುಣಾಕಾರ ಮಾಡತೊಡಗಿದರು. ಮಾಡಿ ಮುಗಿಸಿದ ಮೇಲೆ ಮದುವೆಯ ಮಾತು ಎತ್ತಲಿಲ್ಲ.

ಖಜಾನೆಯವರ ಮಾತು ಸರಿ, ಆದರೆ ಪೂರ್ತಿ ಸರಿಯಲ್ಲ. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಆ ಅರ್ಧದ ಭರವಸೆಯೇ ಇಲ್ಲ. ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯಲ್ಲಿ ಜಮಾ ಆದದ್ದೆಷ್ಟೋ ಅಷ್ಟೇ. ನಿವೃತ್ತಿಯಾದಾಗ ಅದರಲ್ಲೂ ಒಂದು ಪಾಲನ್ನು ಪಿಂಚಣಿಯಂತೆ ಕಂತಿನಲ್ಲಿ ಹಣ ಕೊಡುವ ವರ್ಷಾಶನಕ್ಕೆ ತೊಡಗಿಸಲೇಬೇಕು. ತಡವಾಗಿ ಕೆಲಸ ಸಿಕ್ಕಿದವರಿಗೆ ಒಂದೊಂದು ವರ್ಷದ ಸಂಬಳವೂ ಮುಖ್ಯ. ನಮ್ಮ ಶಾಖೆಯಲ್ಲಿ ಹಳೆಯ ಪಿಂಚಣಿಯವರು 62 ಬೇಡ ಎಂದರೆ ಎನ್‌ಪಿಎಸ್‌ನವರು ಬೇಕು ಎನ್ನುತ್ತಾರೆ. ಕ್ಯಾಂಟೀನಿನಲ್ಲಿ ಇಬ್ಬರದೂ ಬೇರೆ ಬೇರೆ ಟೇಬಲ್. ಮಧ್ಯದಲ್ಲಿ ನಮ್ಮಂಥ ಇನ್ನೊಂದು ಗುಂಪಿದೆ. ಮೇಲಿನವರು ಹೋಗದೆ ನಮಗೆ ಮುಂಬಡ್ತಿ ಇಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಮೇಲಿರುವವರ ಹುಟ್ಟಿದ ದಿನಾಂಕಗಳು ನನ್ನ ಅಣ್ಣತಮ್ಮಂದಿರವಕ್ಕಿಂತ ಚೆನ್ನಾಗಿ ನನಗೆ ನೆನಪಿವೆ ಎಂದರೆ ಅರ್ಥ ಮಾಡಿಕೊಳ್ಳಿ.

ಅಂದು ಅಂಗಡಿಯಲ್ಲಿ ಮಾತನಾಡದೆ ನಿಂತಿದ್ದವನು ಒಬ್ಬ ಹುಡುಗ. ಮೂವತ್ತರ ಆಸುಪಾಸು, ಬೆನ್ನಿಗೆ ಚೀಲ. ವಿಜಯನಗರದಲ್ಲಿ ಕೊಠಡಿ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವನು. ತುಮಕೂರು ಕಡೆಯ ಊರಿನಲ್ಲಿ ಅಪ್ಪನ ನಿವೃತ್ತಿ ಇತ್ತು; ಕಚೇರಿಯವರು ಮಾಡುವುದು ಬೇರೆ, ಮನೆಯವರಿಂದ ಒಂದು ಶಾಲು ಇರಲಿ ಎಂದು ಬಂದಿದ್ದ. 450 ರೂಪಾಯಿಯದನ್ನು ಮುಟ್ಟಿ ನೋಡಿ, 150 ರೂಪಾಯಿಯದನ್ನು ಎತ್ತಿಕೊಂಡು, ಮತ್ತೆ ಇಟ್ಟ. 62 ಆದರೆ ಏನನ್ನಿಸುತ್ತದಪ್ಪ ಎಂದು ಕೇಳಿದೆ.

"ಅಪ್ಪನಿಗೆ ಎರಡು ವರ್ಷ ಸಿಕ್ಕರೆ ನನ್ನ ಕೊಠಡಿ ಬಾಡಿಗೆಗೆ ತೊಂದರೆ ಇಲ್ಲ ಮೇಡಂ. ಆದರೆ ಎಲ್ಲರ ಅಪ್ಪಂದಿರಿಗೂ ಸಿಕ್ಕರೆ ನಾನು ಯಾವ ಹುದ್ದೆಗೆ ಓದಲಿ?"

ಅವನು ಪಿಎಸ್‌ಐ ಪರೀಕ್ಷೆ ಬರೆದವನು. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. "ಆ ಎರಡು ವರ್ಷ ನನ್ನ ವಯಸ್ಸು ನಿಂತಿರಲಿಲ್ಲ. ಒಳಗಿರುವವರ ವಯಸ್ಸಿಗೆ ಎರಡು ವರ್ಷ ಸೇರಿಸುವುದಾದರೆ ಹೊರಗಿರುವವರ ವಯಸ್ಸಿನಲ್ಲಿ ಎರಡು ವರ್ಷ ಕಳೆಯಲಿ" ಎಂದ. ನೇಮಕಾತಿಯ ವಯೋಮಿತಿಯಲ್ಲಿ ಸಡಿಲಿಕೆ ಕೊಟ್ಟಿದ್ದಾರಲ್ಲ ಎಂದು ಖಜಾನೆಯವರು ಸಮಾಧಾನ ಹೇಳಿದರು. ಹುಡುಗ ಅವರ ಮುಖ ನೋಡಿದ, ಅಷ್ಟೇ.

ಶೆಟ್ಟರು 450 ರೂಪಾಯಿಯ ಶಾಲನ್ನೇ ಮಡಿಸಿ 300ಕ್ಕೆ ಕೊಟ್ಟರು. ಚೌಕಾಸಿ ಮಾಡಿದವರಿಗೆ ಹತ್ತು ರೂಪಾಯಿ ಬಿಡದ ಮನುಷ್ಯ ಅವರು, ಇದನ್ನು ದಾಖಲಿಸಬೇಕು.

ನಾನಂತೂ ಹುಡುಗನ ಪಕ್ಷ. ಫ್ರಾನ್ಸಿನಲ್ಲಿ 2023ರಲ್ಲಿ 62ರಿಂದ 64ಕ್ಕೆ ಏರಿಸಿದಾಗ ಲಕ್ಷಾಂತರ ಜನ ಬೀದಿಗಿಳಿದರು. ದುಡಿಯುತ್ತಿದ್ದವರೇ ನಮ್ಮನ್ನು ಹೆಚ್ಚು ವರ್ಷ ದುಡಿಸಬೇಡಿ ಎಂದು ಕೂಗಿದರು. ನಮ್ಮ ಕಡೆ ಕೂಗುವವರು ಬಾಗಿಲ ಹೊರಗೆ ನಿಂತವರು. ಕೇರಳದಲ್ಲಿ 2022ರ ಅಕ್ಟೋಬರ್ ಕೊನೆಗೆ ಸಾರ್ವಜನಿಕ ಉದ್ದಿಮೆಗಳಲ್ಲಿ ನಿವೃತ್ತಿ ವಯಸ್ಸನ್ನು 60 ಮಾಡಿ ಆದೇಶ ಹೊರಡಿಸಿದರು. ಆಡಳಿತ ಪಕ್ಷದ ಯುವ ಸಂಘಟನೆಯೂ ಸೇರಿ ಯುವಜನರೆಲ್ಲ ತಿರುಗಿಬಿದ್ದಾಗ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಅಲ್ಲಿ ಸರ್ಕಾರಿ ನೌಕರರಲ್ಲಿ ಹಳೆಯ ಪಿಂಚಣಿಯವರು ಇಂದಿಗೂ 56ಕ್ಕೇ ಹೊರಡುತ್ತಾರೆ.

ವಯಸ್ಸು ಏರಿಸುವಾಗ ಸರ್ಕಾರಗಳು ಅನುಭವ, ಆಯಸ್ಸು, ಆರೋಗ್ಯ ಎಂದೆಲ್ಲ ಹೇಳುತ್ತವೆ. ತಜ್ಞ ವೈದ್ಯರ ವಿಷಯದಲ್ಲಿ ಆ ಮಾತನ್ನು ನಾನು ಒಪ್ಪುತ್ತೇನೆ. ಉಳಿದಂತೆ, ಬಿಲ್ಲು ಬರೆಯುವ ಮೇಜಿನ ಮೇಲೆ ಇಷ್ಟು ವರ್ಷ ಕುಳಿತವಳಿಗೆ ಬೇರೆಯೇ ಕಾಣುತ್ತದೆ. ಒಬ್ಬರು ನಿವೃತ್ತರಾದರೆ ಉಪದಾನ (ಗ್ರಾಚ್ಯುಟಿ), ಪಿಂಚಣಿ ಪರಿವರ್ತನೆ (ಪಿಂಚಣಿಯ ಒಂದು ಪಾಲನ್ನು ಮೊದಲೇ ಇಡಿಗಂಟಾಗಿ ಪಡೆಯುವುದು), 300 ದಿನಗಳವರೆಗಿನ ಗಳಿಕೆ ರಜೆಯ ನಗದೀಕರಣ, ಎಲ್ಲವನ್ನೂ ಹೆಚ್ಚುಕಡಿಮೆ ಒಟ್ಟಿಗೆ ಕೊಡಬೇಕು. ವಯಸ್ಸು ಏರಿಸಿದರೆ ಆ ಬಾಬತ್ತು ಮುಂದಿನವರ ಬಜೆಟ್ಟಿಗೆ ಹೋಗುತ್ತದೆ. ತಮಿಳುನಾಡು ಏರಿಸಿದ್ದು ಕೊರೋನಾದಿಂದ ಬೊಕ್ಕಸ ಬರಿದಾದ ಹೊತ್ತಿನಲ್ಲಿ. ತೆಲಂಗಾಣದಲ್ಲಿ ಮೂರು ವರ್ಷ ತಡೆದ ನಿವೃತ್ತಿಗಳು 2024ರಲ್ಲಿ ಮತ್ತೆ ಶುರುವಾದಾಗ ಬಾಕಿ ಬಿಲ್ಲು ಬೇರೊಂದು ಸರ್ಕಾರದ ಮೇಜಿಗೆ ಬಂತು. ಆಂಧ್ರದಲ್ಲಿ 62ರ ಜೊತೆಗೆ ಶೇ 23ರ ವೇತನ ಪರಿಷ್ಕರಣೆಯನ್ನೂ ಘೋಷಿಸಿದರು. ನೌಕರರು ವಯಸ್ಸಿಗೆ ಕೃತಜ್ಞತೆ ಹೇಳಲಿಲ್ಲ, ಶೇಕಡಾವಾರು ಸಾಲದೆಂದು 2022ರ ಫೆಬ್ರುವರಿಯಲ್ಲಿ ವಿಜಯವಾಡಕ್ಕೆ ಮೆರವಣಿಗೆ ಹೊರಟರು. ನಮ್ಮ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಬಿದ್ದಿವೆ. ಖಾಲಿ ಕುರ್ಚಿಗಳನ್ನು ಹಾಗೇ ಬಿಟ್ಟು, ಕುಳಿತವರನ್ನು ಇನ್ನೆರಡು ವರ್ಷ ಏಳಬೇಡಿ ಎನ್ನುವುದು ಯಾವ ನ್ಯಾಯ? ನನಗೂ ಹೆಚ್ಚು ವರ್ಷ ಉಳಿದಿಲ್ಲ. 60ಕ್ಕೇ ಹೊರಡುವುದು ಎಂದು ಮನೆಯಲ್ಲಿ ಹೇಳಿಯಾಗಿದೆ.

ಶೆಟ್ಟರಿಗೆ 62ರ ಸುದ್ದಿಯ ಭಯ ಅಷ್ಟಾಗಿ ಇಲ್ಲ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ಸುತ್ತೋಲೆ ಬಂದಾಗಲೂ ಅವರು ಅಂಜಲಿಲ್ಲ. ಬೀಳ್ಕೊಡುಗೆ ನೌಕರರ ಜೇಬಿನ ದುಡ್ಡಿನದು, ಅದಕ್ಕೆ ಸುತ್ತೋಲೆ ತಾಗುವುದಿಲ್ಲ ಎಂಬುದು ಅವರ ವಾದ. ಅವರಿಗೆ ಚಿಂತೆ ಹೊರಗುತ್ತಿಗೆಯದು. "ಕಾಯಂ ನೌಕರರೇ ಇಲ್ಲದಿದ್ದರೆ ನಿವೃತ್ತಿ ಯಾರಿಗೆ? ಗುತ್ತಿಗೆಯವರಿಗೆ ಕೊನೆಯ ದಿನ ಯಾವುದೆಂದು ಅವರಿಗೇ ಗೊತ್ತಿರುವುದಿಲ್ಲ." ನಿಜ. ನಮ್ಮಲ್ಲಿ ಏಜೆನ್ಸಿ ಬದಲಾದಾಗ ಕಂಪ್ಯೂಟರ್ ಮುಂದೆ ವರ್ಷಗಟ್ಟಲೆ ಕುಳಿತ ಹೆಣ್ಣುಮಗಳೊಬ್ಬಳು ಸೋಮವಾರದಿಂದ ಬರಬೇಡಿ ಎಂಬ ಸಂದೇಶ ಓದಿ ಟಿಫನ್ ಡಬ್ಬಿ ಎತ್ತಿಕೊಂಡು ಹೋದಳು. ಆ ತಿಂಗಳು ಉಳಿದಿದ್ದ ಚಂದಾದಲ್ಲಿ ಅವಳಿಗೊಂದು ಶಾಲು ತಂದೆ. ಯಾವ ಲೆಕ್ಕದಲ್ಲಿ ಎಂದು ಒಬ್ಬರು ಕೇಳಿದರು. ಇತರೆ ವೆಚ್ಚ ಎಂದು ಬರೆದುಕೊಳ್ಳಿ ಎಂದೆ.

ಇನ್ನು ಅಂಗಡಿಗೆ ಹೋಗುವವರಿಗೆ. ಬಿಲ್ಲು ಕೇಳಿ ಪಡೆಯಿರಿ, ತಾವಾಗಿ ಕೊಡುವುದಿಲ್ಲ. ತಿಂಗಳ ಕೊನೆಯ ಎರಡು ಮೂರು ದಿನ ಫೋನ್ ಎತ್ತುವುದಿಲ್ಲ, ನೇರವಾಗಿಯೇ ಹೋಗಬೇಕು. ಸ್ಮರಣಿಕೆಗೆ ಹೆಸರು ಬೇಗ ಕೆತ್ತಿಕೊಡುತ್ತಾರೆ. ದಿನಾಂಕವನ್ನು ಮಾತ್ರ ಆ ತಿಂಗಳ 25ರ ಮೊದಲು ಕೆತ್ತುವುದಿಲ್ಲ, 2008ರ ನಂತರ ಅದು ಅಂಗಡಿಯ ಕಾಯಿದೆ, ವಾದಿಸಿ ಪ್ರಯೋಜನವಿಲ್ಲ. ಗೋಡೆ ಗಡಿಯಾರ ತೋರಿಸಿದರೆ ಬೇಡ ಎನ್ನಿ, ನಿವೃತ್ತರ ಮನೆಗಳಲ್ಲಿ ಈಗಾಗಲೇ ನಾಲ್ಕಿರುತ್ತವೆ. ಮೇ ತಿಂಗಳಿಗೆ ಬೇಕಾದವರು ಏಪ್ರಿಲ್‌ನಲ್ಲೇ ಮುಂಗಡ ಕೊಟ್ಟು ಹಳೆಯ ಬೆಲೆಗೆ ಚೀಟಿ ಬರೆಸಿಕೊಳ್ಳಿ. ಪೇಟಕ್ಕೆ ತಲೆಯ ಅಳತೆ ಕೇಳುತ್ತಾರೆ. ನಿವೃತ್ತರಾಗುವವರಿಗೆ ಗೊತ್ತಾಗಬಾರದು ಎಂದಿದ್ದರೆ ಅವರು ಸ್ಕೂಟರಿನ ಮೇಲೆ ಬಿಟ್ಟ ಹೆಲ್ಮೆಟ್ಟಿನೊಳಗೆ ಬರೆದಿರುವ ಸಂಖ್ಯೆಯನ್ನು ನೋಡಿಕೊಂಡು ಹೋಗಿ, ಶೆಟ್ಟರಿಗೆ ಅಷ್ಟು ಸಾಕು.